ಹತ್ತು ಗೇಣಿನ ಬಂಪರ್

ಜನರಿಗೆ ಲಾಟರಿಯಲ್ಲಿ ಬಂಪರ್ ಹೊಡೆಯುತ್ತದೆ. ನನಗೆ ಬಂಪರೇ ಹೊಡೆಯಿತು. ಅದೂ ನಾನೇ ನಕ್ಷೆ ಬರೆದು, ನಾನೇ ಮುಂದೆ ನಿಂತು ಮಾಡಿಸಿದ ಬಂಪರ್! ಈ ದುಃಖವನ್ನು ಮನೆಯಲ್ಲಿ ತೋಡಿಕೊಂಡರೆ ಮಾತು ನೇರ ಅತ್ತೆಯ ಕಿವಿಗೆ ಮುಟ್ಟುತ್ತದೆ. ಅದಕ್ಕೇ ನಿಮಗೆ ಹೇಳುತ್ತಿದ್ದೇನೆ.

ಹಳೆಯ ವ್ಯಾನೊಂದನ್ನು ಕೊಂಡು, ಒಳಗೆ ಹಾಸಿಗೆ, ಒಲೆ, ಸಿಂಕು ಎಲ್ಲ ಕೂರಿಸಿ, ಅದನ್ನು ಓಡಾಡುವ ಮನೆ ಮಾಡಿಕೊಂಡಿದ್ದೆವು. ಮದುವೆಯಾದಾಗಿನಿಂದ ನಾವಿಬ್ಬರೇ ಎಲ್ಲಿಗೂ ಹೋದವರಲ್ಲ. ಹೊರಟಾಗಲೆಲ್ಲ ನನ್ನ ಆಫೀಸು ಅಡ್ಡ ಬರುತ್ತಿತ್ತು, ಇಲ್ಲವೇ ಅವಳ ತವರು ಜೊತೆಗೆ ಬರುತ್ತಿತ್ತು. ಈ ಸಲವಾದರೂ ಕೆರೆಯ ದಂಡೆಯಲ್ಲಿ ನಾನು, ಅವಳು, ಎರಡೇ ಎರಡು ಲೋಟ ಚಹಾ. ಇಷ್ಟೇ ನನ್ನ ಆಸೆ. ಈ ವಯಸ್ಸಿನಲ್ಲಿ ಇದೆಂಥ ಹುಚ್ಚು ಎಂದು ನಗುವುದಾದರೆ ನಕ್ಕುಬಿಡಿ.

ಹೊರಡುವ ಮೊದಲೇ, ವ್ಯಾನನ್ನು ಹಿಂದಕ್ಕೆ ತೆಗೆಯುವಾಗ ಗೇಟಿನ ಕಂಬ ಬಂದು ಗುದ್ದಿ (ಕಂಬವೇ ಬಂದದ್ದು, ನಾನಲ್ಲ) ಹಿಂದಿನ ಬಂಪರ್ ಕಳಚಿ ಬಿತ್ತು. ಆ ಕ್ಷಣವೇ ನನಗೆ ಜ್ಞಾನೋದಯವಾಯಿತು. ಅಂಗಡಿಯ ಬಂಪರ್ ಯಾಕೆ? ಕೂರುವಷ್ಟು ಅಗಲದ್ದೊಂದನ್ನು ಮಾಡಿಸಿದರೆ ಹಿಂಬಾಗಿಲು ತೆಗೆದ ಕೂಡಲೇ ಜಗಲಿ!

"ಬಂಪರ್ ಮೇಲೆ ಜಗಲೀನಾ?" ಎಂದಳು ನನ್ನವಳು. "ಮೊದಲು ಆ ಕಂಬ ನೆಟ್ಟಗೆ ಮಾಡ್ಸಿ."

"ಕಾಲು ಇಳಿಬಿಟ್ಕೊಂಡು ಚಹಾ ಕುಡೀಬಹುದು ಕಣೇ."

"ಹೌದಾ? ಹಾಗಾದ್ರೆ ಇರ್ಲಿ" ಎಂದಳು. ಮುಖ ಅರಳಿತ್ತು.

ಅಳೆಯಲು ಟೇಪು ಹುಡುಕಿದರೆ ಅದು ಅಜ್ಞಾತವಾಸಕ್ಕೆ ಹೋಗಿತ್ತು. "ಟೇಪ್ ಯಾಕ್ರೀ? ನನ್ನ ಕೈ ಇಲ್ವಾ? ಮನೆ ಪರದೆ ಎಲ್ಲಾ ಗೇಣಲ್ಲೇ ಅಳೆದದ್ದು. ಒಂದಾದ್ರೂ ಗಿಡ್ಡ ಆಗಿದ್ಯಾ?" ಎಂದಳು. (ಗಿಡ್ಡ ಆಗಿಲ್ಲ, ನಿಜ. ಎರಡು ಪರದೆ ನೆಲ ಗುಡಿಸುತ್ತವೆ.) ವ್ಯಾನಿನ ಬೆನ್ನಿನುದ್ದಕ್ಕೂ ಅವಳ ಪುಟ್ಟ ಕೈ ಗೇಣು ಹಾಕುತ್ತಾ ಹೋಯಿತು. "ಉದ್ದ ಹತ್ತು, ಅಗಲ ಎರಡು. ಬರ್ಕೊಳ್ಳಿ." ನೋಡುತ್ತ ನಿಂತ ನನಗೆ ಅವಳ ಮೇಲೆ ಪ್ರೀತಿ ಉಕ್ಕಿತು. ಆ ಉಕ್ಕಿನಲ್ಲೇ ಈ ಉಕ್ಕಿನ ನಕ್ಷೆಯನ್ನೂ ಬರೆದು ಮುಗಿಸಿದೆ.

ವೆಲ್ಡಿಂಗ್ ಕೆಲಸದವನನ್ನು ಎಲ್ಲರೂ ಕರೆಯುವುದು ಕಿಡಿಯಣ್ಣ ಎಂದು. ಅವನು ನನ್ನ ನಕ್ಷೆಯನ್ನು ಉದ್ದಕ್ಕೆ ನೋಡಿದ, ಅಡ್ಡಕ್ಕೆ ನೋಡಿದ.

"ಗೇಣಲ್ಲಿ ಬರೆದಿದ್ದೀರಲ್ಲ ಸಾರ್?"

"ಗೇಣು ಅಂದ್ರೆ ಗೇಣು" ಎಂದೆ, ಮಹಾ ಇಂಜಿನಿಯರನ ಗತ್ತಿನಲ್ಲಿ.

ಒಂದು ಬೆಳಿಗ್ಗೆ ಬಂಪರು ಬಂತು. ವ್ಯಾನಿಗೆ ಹಿಡಿದು ನೋಡಿದರೆ, ಎರಡೂ ಪಕ್ಕಕ್ಕೆ ಹುರಿ ಮಾಡಿದ ಮೀಸೆಯಂತೆ ಆಚೆ ಚಾಚಿಕೊಂಡಿದೆ! ಇದನ್ನು ಕಟ್ಟಿಕೊಂಡು ರಸ್ತೆ ಹಾಗಿರಲಿ, ನಮ್ಮ ಗೇಟು ದಾಟುವುದೂ ಸಾಧ್ಯವಿರಲಿಲ್ಲ. ನನ್ನ ಕೆರೆಯ ದಂಡೆ ಕಣ್ಣೆದುರೇ ಕೈತಪ್ಪಿತು.

"ಇದೇನಯ್ಯಾ ಕಿಡಿಯಣ್ಣ! ಹತ್ತು ಗೇಣು ಅಂದಿದ್ದೆ."

"ಹತ್ತೇ ಇದೆ ಸಾರ್, ನೋಡ್ಕೊಳ್ಳಿ" ಎಂದು ಅವನು ಅಂಗೈ ಬಿಡಿಸಿದ. ಅದು ಕೈಯಲ್ಲ, ಮೊರ!

"ನಿನ್ನ ಗೇಣಲ್ಲಯ್ಯಾ! ನಮ್ಮ ಮನೆಯವಳ ಗೇಣು!"

"ಅಮ್ಮಾವ್ರ ಕೈ ಹಿಡಿದವರು ನೀವು ಸಾರ್. ಅದು ಎಷ್ಟಿದೆ ಅಂತ ನಂಗೆ ಹೇಗೆ ಗೊತ್ತಾಗ್ಬೇಕು?"

ನಾನು ನಕ್ಷೆಯನ್ನು ಮಡಚಿ ಜೇಬಿಗೆ ತುರುಕಿಕೊಂಡೆ. "ಎರಡೂ ತುದಿ ಕತ್ತರಿಸಿಬಿಡು" ಎಂದೆ. ಅಷ್ಟರಲ್ಲಿ ನನ್ನವಳು ಒದ್ದೆ ಕೈ ಒರೆಸಿಕೊಳ್ಳುತ್ತಾ ಓಡಿ ಬಂದಳು.

"ಯಾರ್ರೀ ಕತ್ತರಿಸೋದು? ಇಷ್ಟು ಚೆನ್ನಾಗಿದೆ! ಎರಡೂ ತುದಿಗೆ ಕೀಲು ಹಾಕಿ, ಕಿಡಿಯಣ್ಣ. ಹೋಗುವಾಗ ಮಡಚೋದು, ನಿಲ್ಲಿಸಿದಾಗ ಬಿಚ್ಚೋದು. ಆಗಲ್ವಾ?"

"ಆಗುತ್ತಮ್ಮಾ."

ನಾನು ಕರಗಿಹೋದೆ. ಹೊರಗೆ ಎಷ್ಟು ಸಿಡುಕಿದರೇನು, ಇವಳಿಗೂ ನಮ್ಮಿಬ್ಬರ ಪ್ರವಾಸದ ಮೇಲೆ ಇಷ್ಟು ಆಸೆ! ಸಂಭ್ರಮ ತಾಳಲಾರದೆ ಅವಳು ಒಳಗೆ ಓಡಿದಳು. ಫೋನಿನಲ್ಲಿ ಮಾತಾಡಿದ್ದು ಕೇಳಿಸಿತು.

"ಅಮ್ಮಾ, ನೀನೂ ಅಕ್ಕನೂ ಬಟ್ಟೆ ಜೋಡಿಸ್ಕೊಳ್ಳಿ. ಜಾಗ ಬೇಕಾದಷ್ಟಿದೆ!"

ಕೆರೆ ಸುಂದರವಾಗಿತ್ತು ಎಂದು ಕೇಳಿದ್ದೇನೆ. ರಾತ್ರಿಯೆಲ್ಲ ಡ್ರೈವರ್ ಸೀಟಿನಲ್ಲಿ ಮುದುಡಿ ಮಲಗಿ ನನ್ನ ಕುತ್ತಿಗೆ ಒಂದೇ ಕಡೆಗೆ ಹಿಡಿದುಕೊಂಡಿತ್ತು, ಕೆರೆ ಇದ್ದದ್ದು ಇನ್ನೊಂದು ಕಡೆಗೆ. ಬಂಪರಿನ ಎಡತುದಿಯಲ್ಲಿ ಅತ್ತೆ, ಬಲತುದಿಯಲ್ಲಿ ನನ್ನವಳ ಅಕ್ಕ, ನಡುವೆ ಮಹಾರಾಣಿಯವರು. ನಾನು ಒಳಗೆ ಒಲೆಯ ಮುಂದೆ, ಚಹಾ ಖಾತೆಯ ಸಚಿವ.

"ಅಳಿಯಂದ್ರು ಎಷ್ಟು ಯೋಚನೆ ಮಾಡಿ ಮಾಡಿಸಿದ್ದಾರೆ, ನೋಡೇ. ನಮ್ಮನ್ನ ಮರೀಲಿಲ್ಲ" ಎಂದರು ಅತ್ತೆ.

ಲೋಟ ತೆಗೆದುಕೊಂಡು ಹೋಗಲು ಬಂದ ನನ್ನವಳು ಹೋಗಲಿಲ್ಲ. ನನ್ನ ತೋಳು ಹಿಡಿದುಕೊಂಡಳು. "ನಿಜ ಹೇಳ್ಲಾ? ಅಮ್ಮನಿಗೂ ಜಾಗ ಇರೋ ಹಾಗೆ ಮಾಡಿಸಿದ್ರಲ್ಲ, ನನಗೆ ಕಣ್ಣು ತುಂಬಿ ಬಂತು ರೀ."

ಅವಳ ಕಣ್ಣು ನಿಜವಾಗಿಯೂ ತುಂಬಿತ್ತು. ಅಂಥ ಹೊತ್ತಿನಲ್ಲಿ ಕಿಡಿಯಣ್ಣನ ಅಂಗೈಯ ವಿಷಯ ಎತ್ತಲು ನಾನೇನು ಮೂರ್ಖನೇ? "ನಿನಗೋಸ್ಕರ ಏನು ಬೇಕಾದ್ರೂ ಮಾಡಿಸ್ತೀನಿ ಕಣೇ" ಎಂದುಬಿಟ್ಟೆ.

"ಹಾಗಾದ್ರೆ ಮುಂದುಗಡೆ ಬಂಪರನ್ನೂ ಹೀಗೇ ಮಾಡಿಸಿಬಿಡಿ" ಎಂದಳು ಕಣ್ಣೊರೆಸಿಕೊಳ್ಳುತ್ತಾ. "ಚಿಕ್ಕಮ್ಮಂದಿರೂ ಬರ್ತಾರಂತೆ."