ಸ್ಟೇಷನ್ ಮಾಸ್ಟ್ರ ಮೂರನೇ ಸಾಫ್ಟ್‌ವೇರ್

ಎಲ್ಲ ರಗಳೆಗೂ ಕಾರಣ ಒಂದು ಮರ. ಅದೂ ನಿಜವಾದ ಮರವಲ್ಲ, ಕಂಪ್ಯೂಟರ್ ಪರದೆಯ ಮೇಲೆ ಇಲ್ಲದೇ ಹೋದ ಮರ.

ಇಡೀ ಕಟ್ಟಡ ‘ಸ್ಟೇಷನ್ ಮಾಸ್ಟ್ರು’ ಎಂದು ಕರೆಯುವ ಈ ಮನುಷ್ಯ ಕೆಲಸ ಮಾಡುವುದು ಕನ್ನಡಕದ ಅಂಗಡಿಯಲ್ಲಿ. ಆದರೆ ಅವರ ಮಂಚದ ಕೆಳಗೆ ಪೆಟ್ಟಿಗೆಗಟ್ಟಲೆ ಪುಟಾಣಿ ರೈಲು: ಎಂಜಿನ್ನು, ಬೋಗಿ, ಹಳಿ, ಬೆರಳುದ್ದದ ಸಿಗ್ನಲ್ಲು. ಯಾರಾದರೂ ಅದನ್ನು ಆಟಿಕೆ ಅಂದರೆ ಮಾಸ್ಟ್ರಿಗೆ ಕೋಪ ನೆತ್ತಿಗೇರುತ್ತದೆ. ಪಾಪ, ಮದುವೆಯಾದಾಗಿನಿಂದ ಆ ರೈಲು ಪೆಟ್ಟಿಗೆ ಬಿಟ್ಟು ಹೊರಟಿಲ್ಲ. ಹಳಿ ಹಾಸಲು ಜಾಗ ಬೇಕಲ್ಲ! ಈಗ ಹಿಂದಿನ ಕೋಣೆ ಖಾಲಿಯಾಗಿತ್ತು. ಅದರ ಮೇಲೆ ಹೆಂಡತಿಯ ಕಣ್ಣೂ ಇತ್ತು. ಊಟದ ಮೇಜಿನ ಮೇಲೆ ಊರವರ ಬಟ್ಟೆ ಹೊಲಿದು ಹೊಲಿದು ಆಕೆಗೂ ಸಾಕಾಗಿತ್ತು.

ಭಾನುವಾರ ಬೆಳಿಗ್ಗೆ ಆಕೆ ತೀರ್ಪು ಕೊಟ್ಟಳು. “ನೋಡ್ರೀ, ಆ ರೂಮಿಗೆ ಮೇಜು ಮಾಡೋಕೆ ಸಂಜೆ ಬಡಗಿ ಬರ್ತಾನೆ. ಅಷ್ಟರಲ್ಲಿ ನಿಮ್ಮ ರೈಲು ಚೆನ್ನಾಗಿ ಓಡತ್ತೆ ಅಂತ ತೋರ್ಸಿ, ರೂಮು ನಿಮ್ದು. ಇಲ್ಲಾಂದ್ರೆ ನನ್ನ ಮಿಷಿನ್ನು ಅಲ್ಲಿಗೆ. ಆಮೇಲೆ ಮುಖ ಊದಿಸ್ಕೊಂಡು ಕೂತ್ಕೋಬೇಡಿ.”

ಮಾಸ್ಟ್ರು ಟೇಪು ಹಿಡಿದು ಕೋಣೆ ಅಳೆದರು. ಹಳಿಯ ನಕ್ಷೆ ಹಾಕುವ ಒಂದು ಪುಕ್ಕಟೆ ಸಾಫ್ಟ್‌ವೇರ್ ಇಳಿಸಿಕೊಂಡರು. ಸೋಜಿಗವೆಂದರೆ ಮಧ್ಯಾಹ್ನದ ಊಟದ ಹೊತ್ತಿಗೆ ಕೆಲಸ ಮುಗಿದೇಹೋಯಿತು. ಮೂರು ಗೋಡೆಗಳಿಗೆ ಒತ್ತಿಕೊಂಡು ಮೇಜು, ಮೇಜಿನ ಮೇಲೆ ಹಳಿ, ನಟ್ಟನಡುವೆ ಮಾಸ್ಟ್ರು ನಿಂತು ಗಾಡಿ ಓಡಿಸಲು ಜಾಗ. ಒಂದು ಹಾಳೆಯಲ್ಲಿ ಪ್ರಿಂಟ್ ಕೂಡ ತೆಗೆದರು. ಅಲ್ಲಿಗೇ ಸುಮ್ಮನಿದ್ದರೆ ಈ ಕತೆ ಹೇಳುವ ಅಗತ್ಯವೇ ಇರಲಿಲ್ಲ.

ಊಟಕ್ಕೆ ಬಂದಿದ್ದ ಭಾವಮೈದ ಇಣುಕಿ ನೋಡಿದ. “ಏನ್ ಭಾವ ಇದು, ಬರೀ ಗೆರೆ! ಎಕ್ಸ್‌ರೇ ಇದ್ದ ಹಾಗಿದೆ. ಒಂದು ಮರನಾದ್ರೂ ಬೇಡ್ವಾ? ಅಕ್ಕ ಇದನ್ನ ನೋಡಿ ರೂಮು ಕೊಡ್ತಾಳಾ?”

ಮಾಸ್ಟ್ರು ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಹೌದಲ್ಲ, ಮರ ಇಲ್ಲ!

ಎರಡನೇ ಸಾಫ್ಟ್‌ವೇರ್‌ನಲ್ಲಿ ಮರಗಳಿದ್ದವು. ಅಳತೆ ತುಂಬುವ ಕೆಲಸವನ್ನು ಭಾವಮೈದ ತಾನಾಗಿಯೇ ಮೈಮೇಲೆ ಎಳೆದುಕೊಂಡು, ಅಡಿಯ ಜಾಗದಲ್ಲಿ ಮೀಟರ್ ಒತ್ತಿದ. ಕೋಣೆ ಗೋದಾಮಿನಷ್ಟಾಯಿತು, ಅದರೊಳಗೆ ರೈಲು ಇರುವೆಸಾಲಿನಂತೆ ಹರಿಯಿತು. ತಪ್ಪು ಎಲ್ಲಿದೆಯೆಂದು ಹುಡುಕುವಷ್ಟರಲ್ಲಿ ಒಂದು ತಾಸು ಮಂಗಮಾಯ.

ಮಹಡಿಯ ಮೇಲಿನ ನಿವೃತ್ತ ಸರ್ವೇಯರು ಗದ್ದಲ ಕೇಳಿ ಇಳಿದುಬಂದರು. “ಪೆನ್ಸಿಲ್ಲು, ಸ್ಕೇಲು ಸಾಕು ಕಣ್ರೀ. ಈ ಮರ ಗಿರ ಎಲ್ಲ ಮಕ್ಕಳಾಟ.”

“ನಿಮಗೆ ಗೊತ್ತಾಗಲ್ಲ ಬಿಡಿ ಸಾರ್, ನೋಡಿದ್ರೆ ನಿಜ ಅನ್ನಿಸ್ಬೇಕು,” ಅಂದರು ಮಾಸ್ಟ್ರು.

ಹೆಂಡತಿ ಬಾಗಿಲಲ್ಲಿ ನಿಂತಳು. “ಆಯ್ತೇನ್ರೀ?”

“ಆಗಿತ್ತು. ಈಗ ಮತ್ತೆ ಆಗ್ತಾ ಇದೆ.”

“ಆಗಿದ್ದು ಮತ್ತೆ ಯಾಕ್ರೀ ಆಗ್ಬೇಕು?” ಎಂದು ಆಕೆ ಹಣೆ ಚಚ್ಚಿಕೊಂಡು ಹೋದಳು.

ಎರಡನೆಯದರ ಮರಗಳು ಮಾಸ್ಟ್ರಿಗೆ ನಿಜವೆನಿಸಲಿಲ್ಲ; ಮೂರನೇ ಸಾಫ್ಟ್‌ವೇರ್ ಇಳಿಯಲು ಶುರುವಾಯಿತು. ಅದೋ ಬಸವನಹುಳು. ಮಾಸ್ಟ್ರು ಕೂತರು, ಎದ್ದರು, ಬಡಗಿ ಬಂದನೇನೋ ಎಂದು ಕಿಟಕಿಗೆ ಓಡಿದರು, ಮತ್ತೆ ಕೂತರು. ಕಂಪ್ಯೂಟರ್ ಕಾದ ಹೆಂಚಾಯಿತು. ಕೈಗೆ ಸಿಕ್ಕಿದ್ದು ಮೊದಲನೇ ನಕ್ಷೆಯ ಹಾಳೆ. ಅದರಿಂದಲೇ ಗಾಳಿ ಬೀಸತೊಡಗಿದರು. ಒಂದು ಕೈಯಲ್ಲಿ ಬೀಸಣಿಗೆ, ಇನ್ನೊಂದು ಕೈಯಲ್ಲಿ ಮೌಸು. ಹಳಿ ಹಾಸಿದರು, ಗುಡ್ಡ ಎಬ್ಬಿಸಿದರು, ಸುರಂಗ ಕೊರೆದರು. ಕೊನೆಯ ಮರ ನೆಟ್ಟರೋ ಇಲ್ಲವೋ, ಬಾಗಿಲ ಗಂಟೆ ಮೊಳಗಿತು.

ಬಡಗಿ ಒಳಗೆ ಬಂದ. ಅವನ ಹಿಂದೆಯೇ ಮಾಸ್ಟ್ರ ಹೆಂಡತಿ.

“ಬಾರೇ, ಈಗ ನೋಡು!” ಎಂದು ಮಾಸ್ಟ್ರು ಗುಂಡಿ ಒತ್ತಿದರು.

ಪರದೆಯ ಮೇಲೆ ರೈಲು ಸಿಳ್ಳೆ ಹಾಕಿತು. ಹೊಗೆ ಉಗುಳುತ್ತಾ ಗುಡ್ಡ ಬಳಸಿ, ಸುರಂಗದೊಳಗೆ ದೀಪ ಬೆಳಗಿಸಿಕೊಂಡು ನುಗ್ಗಿ, ಮರಗಳ ಸಾಲಿನಾಚೆ ಬಂದು ನಿಂತಿತು. ಸರ್ವೇಯರೂ ಸೇರಿ ಎಲ್ಲರೂ ಬಾಯಿ ಬಿಟ್ಟುಕೊಂಡು ನೋಡಿದರು. ಹೆಂಡತಿಯ ಮುಖ ಅರಳಿತು. ಇಷ್ಟು ವರ್ಷದಲ್ಲಿ ಗಂಡನ ರೈಲನ್ನು ಆಕೆ ಮೆಚ್ಚಿದ್ದು ಇದೇ ಮೊದಲು. ಮಾಸ್ಟ್ರ ಕಣ್ಣು ತುಂಬಿಬಂತು.

“ಅಬ್ಬಾ! ಎಷ್ಟು ಚೆನ್ನಾಗಿ ಓಡತ್ತೆ ರೀ! ನಾನೇ ಸುಮ್ಮನೆ ನಿಮ್ಮನ್ನ ಆಡ್ಕೊಂಡೆ,” ಅಂದಳು ಆಕೆ ಮನಸಾರೆ. “ಧೂಳಿಲ್ಲ, ಗುಡಿಸೋ ರಗಳೆ ಇಲ್ಲ. ಇಲ್ಲೇ ಇಷ್ಟು ಚೆನ್ನಾಗಿ ಓಡೋವಾಗ ಇನ್ನು ರೂಮ್ ಯಾಕ್ರೀ ಬೇಕು?”

“ಅಯ್ಯೋ, ಇದು ಬರೀ ನಕ್ಷೆ ಕಣೇ! ನಿಜವಾದ್ದು ಅಲ್ಲಿ...”

“ನಿಜದ ಹಾಗೇ ಇದೆ ಭಾವ!” ಎಂದು ಭಾವಮೈದ ಬೆನ್ನು ತಟ್ಟಿದ.

ಅಷ್ಟರಲ್ಲಿ ಬಡಗಿ ಮಾಸ್ಟ್ರ ಕೈಯಲ್ಲಿದ್ದ ಬೀಸಣಿಗೆಯನ್ನು ಮೆಲ್ಲಗೆ ಬಿಡಿಸಿಕೊಂಡು ಬೆಳಕಿಗೆ ಹಿಡಿದ. “ಇದ್ಯಾರು ಸಾರ್ ಬರೆದಿದ್ದು? ಅಳತೆ ಎಲ್ಲ ಪಕ್ಕಾ ಇದೆ. ಮೂರು ಕಡೆ ಮೇಜು, ಮಧ್ಯ ಜಾಗ. ಅಮ್ಮಾ, ನಿಮ್ಮ ಹೊಲಿಗೆ ಕೆಲ್ಸಕ್ಕೆ ಹೇಳಿ ಮಾಡ್ಸಿದ ಹಾಗಿದೆ.”

“ಹೌದಲ್ಲ! ಮಧ್ಯ ನನ್ನ ಸ್ಟೂಲು!” ಹೆಂಡತಿಗೆ ಗಂಡನ ಮೇಲೆ ಪ್ರೀತಿ ಉಕ್ಕಿತು. “ನನಗೋಸ್ಕರ ಇದನ್ನೂ ಮಾಡಿಟ್ಟಿದ್ರಾ? ಬಾಯಿಬಿಟ್ಟು ಒಂದು ಮಾತು ಹೇಳಬಾರ್ದಾ?”

ಮಾಸ್ಟ್ರು ಹಾಳೆಗೆ ಕೈ ಚಾಚುವಷ್ಟರಲ್ಲಿ ಬಡಗಿ ಅದರ ಸಮೇತ ಹೊರಟಾಗಿತ್ತು. ಹಿಂದಿನ ಕೋಣೆಯಲ್ಲಿ ಹಲಗೆಗೆ ಗುರುತು ಹಾಕತೊಡಗಿದ. ಹೋಗಲಿ, ಪರದೆಯ ರೈಲಾದರೂ ಇದೆಯಲ್ಲ ಎಂದು ಮಾಸ್ಟ್ರು ತಿರುಗಿದರೆ, ಅವರ ಕುರ್ಚಿಯಲ್ಲಿ ಸರ್ವೇಯರು ಕೂತಿದ್ದರು. ಮೌಸು ಅವರ ಮುಷ್ಟಿಯಲ್ಲಿತ್ತು.

“ಸ್ವಲ್ಪ ಆ ಕಡೆ ಸರೀರಿ, ಗಾಡಿ ಬರೋ ಹೊತ್ತು,” ಅಂದರು ಸರ್ವೇಯರು, ಪರದೆಯಿಂದ ಕಣ್ಣು ಕೀಳದೆ. “ಅಲ್ರೀ ಮಾಸ್ಟ್ರೇ, ಆ ಗುಡ್ಡದ ಪಕ್ಕ ಇನ್ನೊಂದು ಮರ ಬೇಕಿತ್ತಲ್ವಾ?”