'ಸಾವ್ಕಾರ್ರ ಜುಗ್ಗತನ' ಎಂಬ ಖಾಲಿ ಫೋಲ್ಡರು

ಅಂಗಡಿ ತುಂಬ ಫ್ಯಾನುಗಳು. ಗೋಡೆಗೆ ಹೊಡೆಯುವವು, ಮೇಜಿನ ಮೇಲಿಡುವವು, ಪೆಟ್ಟಿಗೆಯೊಳಗೆ ಕೈಕಾಲು ಮಡಚಿ ಮಲಗಿದವು. ಅಷ್ಟರಲ್ಲಿ ಕೆಟ್ಟು ನಿಂತದ್ದು ಒಂದೇ ಒಂದು, ಅದೂ ವೆಂಕಟ್ರಮಣನ ನೆತ್ತಿಯ ಮೇಲಿನದು. ಕುಮಟೆಯ ಮೇ ತಿಂಗಳು ಬೇರೆ. ಅವನು ಬೆವರಿ ಎದ್ದ ಕುರ್ಚಿಯ ಮೇಲೆ ಇನ್ನೊಬ್ಬರು ಕೂತರೆ ಅವರಿಗೆ ನೆಗಡಿ ಆಗುತ್ತಿತ್ತು.

ಹೊಸದೊಂದನ್ನು ಹಾಕಿಕೊಳ್ಳಲೇ ಎಂದು ನಿನ್ನೆ ಸಂಜೆ ಸಾವ್ಕಾರ ರಮಾನಂದರಿಗೆ ಫೋನು ಮಾಡಿ ಕೇಳಿದ್ದ.

"ಮಾರೂ ಮಾಲು ನೀನೇ ತಿರುಗಿಸ್ಕಂತ ಕೂತ್ರೆ ಗಿರಾಕಿಗೆ ಎಂತ ಕೊಡುದು? ಬಾಗ್ಲು ಪೂರ್ತಿ ತೆಗೆದಿಡು. ಸಮುದ್ರ ಹತ್ರವೇ ಅದೆ" ಎಂದಿದ್ದರು ಸಾವ್ಕಾರರು.

ವೆಂಕಟ್ರಮಣನಿಗೆ ಉರಿದು ಹೋಯಿತು. ಕಂಪ್ಯೂಟರಿನಲ್ಲಿ ಒಂದು ಫೋಲ್ಡರು ಮಾಡಿ 'ಸಾವ್ಕಾರ್ರ ಜುಗ್ಗತನ' ಎಂದು ಹೆಸರಿಟ್ಟ. ಎಂಟು ವರ್ಷಗಳ ಪ್ರಸಂಗಗಳನ್ನು ಒಂದೊಂದಾಗಿ ಬರೆದು ತುಂಬಿಸುವ ಹಟ. ಅಷ್ಟರಲ್ಲಿ ಮಿಕ್ಸರ್ ಕೊಳ್ಳುವವರೊಬ್ಬರು ಬಂದರು, ಸಿಟ್ಟು ಇಳಿಯಿತು, ಫೋಲ್ಡರು ಖಾಲಿಯೇ ಉಳಿಯಿತು.

ಬೆಳಿಗ್ಗೆ ಹತ್ತಕ್ಕೆ ಹೊನ್ನಾವರದ ಅಂಗಡಿಯಿಂದ ಸುಚಿತಾಳ ಫೋನು ಬಂತು. "ವೆಂಕಟ್ರಮಣಣ್ಣ, ಜುಗ್ಗತನ ಹೇಳಿ ಒಂದ್ ಫೋಲ್ಡರು ನಮ್ಮ ಕಂಪ್ಯೂಟರಲ್ಲೂ ಕಾಣ್ತದಲ್ಲ. ನಿಂದೇ ಅಲ್ದಾ?"

ಅವನ ಬೆವರು ಒಂದು ಕ್ಷಣ ನಿಂತೇ ಹೋಯಿತು. ಕುಮಟಾ, ಹೊನ್ನಾವರ, ಭಟ್ಕಳದ ಮೂರೂ ಅಂಗಡಿಗಳ ಕಂಪ್ಯೂಟರನ್ನು ಸಾವ್ಕಾರರು ಒಂದಕ್ಕೊಂದು ಜೋಡಿಸಿದ್ದರು. ಸಿಟ್ಟಿನ ಭರದಲ್ಲಿ ಅವನು ಫೋಲ್ಡರನ್ನು ಎಲ್ಲರಿಗೂ ಕಾಣುವ ಜಾಗದಲ್ಲೇ ಮಾಡಿಟ್ಟಿದ್ದ.

"ಸಾವ್ಕಾರ್ರು ನಾಕ್ ಗಂಟಿಗೆ ಕುಮಟೆಗೆ ಬತ್ರಂತೆ. ಅಷ್ಟರೊಳಗೆ ತೆಗಿ ಮಾರಾಯಾ. ಇಲ್ಲಂದ್ರೆ ಅನೂಪಂದೇ ಗತಿ" ಎಂದಳು ಸುಚಿತಾ.

ಅನೂಪ ಹೋದ ವರ್ಷದ ತನಕ ಇದೇ ಕುಮಟಾ ಅಂಗಡಿಯಲ್ಲಿದ್ದವನು. ಸಾವ್ಕಾರರು ಉಳಿತಾಯಕ್ಕೆಂದು ಒಂದೇ ಮೂಗಿನ ಹೊಳ್ಳೆಯಲ್ಲಿ ಉಸಿರಾಡುತ್ತಾರೆ ಎಂದು ಗಿರಾಕಿಯ ಹತ್ತಿರ ಹೇಳಿದ್ದು ಅವರ ಕಿವಿಗೆ ಬಿತ್ತು. ಮುಂದಿನ ಸೋಮವಾರವೇ ಅವನಿಗೆ ಭಟ್ಕಳದಲ್ಲಿ, ಸಾವ್ಕಾರರ ಮೇಜಿನ ಎದುರು ಕುರ್ಚಿ. ಈಗ ಅವನು ಕತ್ತಲಿರುವಾಗ ಕುಮಟೆಯಲ್ಲಿ ಬಸ್ಸು ಹತ್ತಿ ಕತ್ತಲಾದ ಮೇಲೆ ಇಳಿಯುತ್ತಾನೆ. ಅವನ ನಾಯಿಯೇ ಅವನನ್ನು ಕಂಡರೆ ಬೊಗಳುತ್ತದೆ. ವೆಂಕಟ್ರಮಣನೋ ಕುಮಟೆಯ ಪಕ್ಕದ ಹೊಳನಗದ್ದೆಯವನು. ಮಧ್ಯಾಹ್ನ ಸ್ಕೂಟರಿನಲ್ಲಿ ಹೋಗಿ, ಬಿಸಿ ಮೀನುಸಾರು ಉಂಡು, ಅರ್ಧ ತಾಸು ಮಲಗಿ ಬರುವ ಸುಖವನ್ನು ಅವನು ಪ್ರಾಣ ಹೋದರೂ ಬಿಡುವವನಲ್ಲ.

ಫೋಲ್ಡರನ್ನು ಹಿಡಿದು ಅಳಿಸು ಎಂದ. ಪರದೆಯ ಮೇಲೆ ಉತ್ತರ ಬಂತು: 'ಈ ಫೋಲ್ಡರು ಬೇರೆ ಕಡೆ ತೆರೆದಿದೆ. ಮುಚ್ಚಿ, ಮತ್ತೆ ಪ್ರಯತ್ನಿಸಿ.'

ಮತ್ತೆ ಪ್ರಯತ್ನಿಸಿದ. ಹದಿನೇಳು ಸಲ.

ಪಕ್ಕದ ಝೆರಾಕ್ಸ್ ಅಂಗಡಿಯ ಉದಯ ಕರೆಯದೆ ಬಂದು ನಿಂತ. ಉದಯನಿಗೆ ಕಂಪ್ಯೂಟರೆಂದರೆ ಬೇರೆಯವರ ದನಕ್ಕೆ ತಾನು ಮದ್ದು ಹಾಕಿದ ಹಾಗೆ, ಸತ್ತರೆ ನಷ್ಟ ತನ್ನದಲ್ಲ. "ಏಳು, ನಾ ನೋಡ್ತೆ. ಆಫ್ ಮಾಡಿ ಆನ್ ಮಾಡ್ದ್ಯಾ?"

"ಮೂರ್ ಸಲ."

"ಹೆಸರಾದ್ರೂ ಬದಲ್ ಮಾಡ್ವ."

ಹೆಸರು ಬದಲಿಸಲೂ ಅದು ಒಪ್ಪಲಿಲ್ಲ. ಉದಯ ವೈರಸ್ ಹುಡುಕಲು ಬಿಟ್ಟ. ಅದು ಮುಕ್ಕಾಲು ತಾಸು ಕಂಪ್ಯೂಟರಿನ ಮೂಲೆಮೂಲೆ ಮೂಸಿ, ಎಲ್ಲ ಕ್ಷೇಮ ಎಂದಿತು. ಆಮೇಲೆ ಏನನ್ನು ಒತ್ತಿದನೋ, ಒಂದು ಜುಗ್ಗತನದ ಪಕ್ಕ ಇನ್ನೊಂದು ಜುಗ್ಗತನ ಎದ್ದು ಕೂತಿತು.

"ಒಂದ್ ತೆಗೀ ಅಂದ್ರೆ ಎರಡ್ ಮಾಡಿದ್ಯಲ್ಲೋ" ಎಂದು ವೆಂಕಟ್ರಮಣ ಅವನ ಕೈಯಿಂದ ಮೌಸ್ ಕಿತ್ತುಕೊಂಡ. ಹೊಸದು ಒಂದೇ ಏಟಿಗೆ ಹೋಯಿತು. ಹಳೆಯದು ಕೂತಲ್ಲೇ ಕೂತಿತ್ತು.

"ಎಂತ ಸೊಕ್ಕು ನೋಡು ಇದ್ರದ್ದು" ಎಂದು ವೆಂಕಟ್ರಮಣ ಮೇಜು ಗುದ್ದಿದ. "ಒಳಗೆ ಎಂತದೂ ಇಲ್ಲ. ತೂಕ ಸೊನ್ನೆ. ಹುಟ್ಸಿದಂವ ನಾನು. ನಂಗೇ ಅಪ್ಪಣೆ ಇಲ್ಲ ಹೇಳ್ತದೆ."

ಅಂಗಡಿಯ ಮೆಟ್ಟಿಲ ಮೇಲೆ ಈರುಳ್ಳಿ ಗೊಂಚಲು ಇಟ್ಟು ಕೂತಿದ್ದ ಮಂಜಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. "ಅದ್ಯೆಂತ ಹೇಳ್ತದ್ಯೋ ತಮಾ, ಸರಿ ಓದು" ಎಂದಳು.

ಉದಯ ಓದಿ ಹೇಳಿದ.

"ಹಂಗಾರೆ ಬಸ್ಸಿನ ಸೀಟಿಗೆ ಟವಲ್ ಹಾಕಿಟ್ಟಂಗೆ. ಸೀಟು ಖಾಲಿಯೇ. ಆದ್ರೆ ಕೂತ್ಕಂಬುಕೆ ಇಲ್ಲ. ಟವಲ್ ಯಾರ್ದು ಕೇಳು."

ವೆಂಕಟ್ರಮಣ ಹೊನ್ನಾವರಕ್ಕೆ ಫೋನು ಹಚ್ಚಿದ. ಸುಚಿತಾ ಒಪ್ಪಿಕೊಂಡಳು. "ಒಳಗೆ ಎಂತ ಬರ್ದೀದೆ ನೋಡ್ವ ಹೇಳಿ ತೆಗ್ದಿದ್ದೆ. ಈಗ ಮುಚ್ದೆ, ಆತು."

ಆಗಲಿಲ್ಲ. ಅದೇ ಉತ್ತರ. ಅನೂಪನಿಗೆ ಮಾಡಿದರೆ ಅವನು ರಜೆ ಹಾಕಿ ತೆಂಗಿನಗುಂಡಿಯಲ್ಲಿ ದೋಣಿಯೊಂದರ ಪೂಜೆಗೆ ಹೋಗಿದ್ದ. ಇನ್ನುಳಿದವರು ಸಾವ್ಕಾರರು. ಅವರು ಕಂಪ್ಯೂಟರಿನಲ್ಲಿ ಬಿಲ್ಲು ಬಿಟ್ಟು ಬೇರೆ ನೋಡಿದ್ದನ್ನು ಕಂಡವರಿಲ್ಲ.

ಗಂಟೆ ಒಂದಾಯಿತು. ಮನೆಯಲ್ಲಿ ಮೀನುಸಾರು ಆರುತ್ತಿತ್ತು.

"ಪಾತ್ರೆ ತೆಗೂಕೆ ಬರುದಿಲ್ಲ ಅಂದ್ರೆ ಒಳಗೆ ಬೆಲ್ಲ ಹಾಕು. ತೆಗೆದ್ ನೋಡ್ದಂವ ಬೈತನಾ?" ಎಂದಳು ಮಂಜಿ.

ಉದಯನಿಗೆ ಇದು ಬಲು ಹಿಡಿಸಿತು. ಅವನು ಹೇಳುತ್ತ ಹೋದ, ವೆಂಕಟ್ರಮಣ ಹಲ್ಲು ಕಚ್ಚಿಕೊಂಡು ಫೋಲ್ಡರಿನೊಳಗೆ ಒಂದು ಕಾಗದ ಬಡಿಯುತ್ತ ಹೋದ. 'ನಮ್ಮ ಸಾವ್ಕಾರರನ್ನು ಜುಗ್ಗರು ಎನ್ನುವವರಿಗೆ ಇದು ಉತ್ತರ. ಅವರಂಥ ಉದಾರಿ ಮೂರು ತಾಲೂಕಿನಲ್ಲಿಲ್ಲ. ಅವರು ತಂದೆಯ ಸಮಾನ. ದೂರವಿದ್ದೇ ಅವರ ನೆರಳು ಇಷ್ಟು ತಂಪು, ಹತ್ತಿರವಿದ್ದರೆ ಇನ್ನೆಷ್ಟೋ.'

"ನೆರಳು ಯಾಕೆ? ಫ್ಯಾನೇ ಕೊಡುದಿಲ್ಲ ಅಂವ" ಎಂದ ವೆಂಕಟ್ರಮಣ.

"ಬರಿ ಸುಮ್ನೆ. ಹೊಗಳೂವಾಗ ಕಂಜೂಸಿ ಮಾಡ್ಬೇಡ."

ನಾಲ್ಕಕ್ಕೆ ಸರಿಯಾಗಿ ಸಾವ್ಕಾರರ ಕಾರು ನಿಂತಿತು. ರಮಾನಂದರು ಇಳಿದವರೇ ಒಳಗೆ ಬಂದು, ವೆಂಕಟ್ರಮಣನ ಒದ್ದೆ ಬೆನ್ನನ್ನೂ ಲೆಕ್ಕಿಸದೆ ಅವನನ್ನು ತಬ್ಬಿಕೊಂಡರು. ಎಂಟು ವರ್ಷದಲ್ಲಿ ಅವರು ಕೈ ಕುಲುಕಿದ್ದೂ ಇಲ್ಲ.

"ಬೆಳಿಗ್ಗೆ ಆ ಹೆಸರು ನೋಡಿ ನಂಗೆ ಮೈಯೆಲ್ಲ ಬೆಂಕಿ. ಎಂತೆಲ್ಲ ತುಂಬಿಸ್ತೀ ನೋಡ್ವ ಹೇಳಿ ತೆಗೆದಿಟ್ಕಂಡು ಎದುರೇ ಕೂತಿದ್ದೆ. ಊಟಕ್ಕೂ ಏಳಲಿಲ್ಲ. ಈಗ್ಲೂ ಭಟ್ಕಳದಲ್ಲಿ ತೆಗ್ದೇ ಅದೆ."

ಮೆಟ್ಟಿಲ ಮೇಲಿಂದ ಮಂಜಿ ಒಳಗೆ ಇಣುಕಿದಳು. ಉದಯ ನಿಧಾನವಾಗಿ ತನ್ನ ಅಂಗಡಿಯ ಕಡೆ ಜಾರತೊಡಗಿದ.

"ನಿನ್ನ ಕುತ್ತಿಗೆ ಹಿಡೂಕೇ ಹೊರಟಿದ್ದೆ" ಎಂದು ಸಾವ್ಕಾರರು ಕಣ್ಣೊರೆಸಿಕೊಂಡರು. "ಆಗ ನಿನ್ನ ಕಾಗದ ಬಿತ್ತು. ಹತ್ತಿರವಿದ್ದರೆ ಇನ್ನೆಷ್ಟೋ, ಹೇಳಿ ಬರ್ದೀದ್ಯಲ್ಲ. ಇಷ್ಟ್ ವರ್ಷ ನಿನ್ನ ದೂರ ಇಟ್ಟು ತಪ್ಪು ಮಾಡ್ದೆ. ಸೋಮವಾರದಿಂದ ಭಟ್ಕಳಕ್ಕೆ ಬಾ. ನನ್ನ ಮೇಜಿನ ಎದುರೇ ಕುರ್ಚಿ."

ವೆಂಕಟ್ರಮಣನಿಗೆ ಮಧ್ಯಾಹ್ನದ ಮೀನುಸಾರು, ಅರ್ಧ ತಾಸಿನ ನಿದ್ದೆ ಎರಡೂ ಕೈಬಿಟ್ಟು ಹೋಗುವುದು ಕಂಡಿತು. "ಅಲ್ಲಿ ಅನೂಪ ಇದ್ನಲ್ಲ" ಎಂದ, ಕಷ್ಟಪಟ್ಟು.

"ಅಂವನಾ? ವರ್ಷವಿಡೀ ಎದುರು ಕೂತು ಒಂದ್ ಒಳ್ಳೆ ಮಾತು ಬರ್ದಂವ ಅಲ್ಲ. ಅಂವಗೆ ಈಗ ಬುದ್ಧಿ ಬರ್ಬೇಕು. ಕುಮಟೆಗೆ ಒಗೀತೆ." ಅಲ್ಲೇ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟು, ಶಿಕ್ಷೆಯನ್ನು ಓದಿ ಹೇಳಿದರು.

ಆ ಕಡೆಯಿಂದ ಅನೂಪನ ಗದ್ಗದ ಕೇಳಿತು. "ನಾ ಎಂತ ತಪ್ಪು ಮಾಡ್ದೆ ಸಾವ್ಕಾರ್ರೇ? ಕುಮಟೆಗಾ? ನಿಮ್ಮ ಬಿಟ್ಟು ಹೆಂಗಿರೂದು?" ಆಮೇಲೆ ಅದೇನೋ ಬಾಯಿಗೆ ಬಟ್ಟೆ ತುರುಕಿಕೊಂಡಂಥ ಸದ್ದು, ಬಿಟ್ಟು ಬಿಟ್ಟು, ಕುಕ್ಕರಿನ ಸೀಟಿಯ ಹಾಗೆ.

"ಅಳ್ಬೇಡ. ಶಿಕ್ಷೆ ಶಿಕ್ಷೆಯೇ" ಎಂದು ಸಾವ್ಕಾರರು ಫೋನು ಇಟ್ಟು ತಿರುಗಿದರು. ವೆಂಕಟ್ರಮಣನ ಕಣ್ಣಲ್ಲೂ ನೀರು ತುಂಬಿತ್ತು.

"ನೋಡು" ಎಂದರು ಸಾವ್ಕಾರರು, ಅವನ ಭುಜ ತಟ್ಟುತ್ತ. "ಅಂವಂದು ದುಃಖದ್ದು, ನಿಂದು ಸಂತೋಷದ್ದು. ನಂಗೆ ವ್ಯತ್ಯಾಸ ತಿಳೀತದೆ."