ಕಾದಂಬರಿ ಓದುವವನ ಸೀಟು

ಪುಸ್ತಕಗಳ ಬಗ್ಗೆ ನನ್ನ ಅಭಿಪ್ರಾಯವನ್ನು ಯಾರೂ ಕೇಳುವುದಿಲ್ಲ. ಕೇಳದೆಯೇ ಸಲಹೆ ಕೊಡುವುದು ನನ್ನ ಜಾಯಮಾನವಾದ್ದರಿಂದ ಹೇಳಿಬಿಡುತ್ತೇನೆ. ಚೌಕಾಸಿ ಕಲಿಸುವ ಮನಃಶಾಸ್ತ್ರದ ಪುಸ್ತಕವನ್ನು ಎಲ್ಲಿ ಬೇಕಾದರೂ ಮುಚ್ಚಿಡಬಹುದು, ಕಾದಂಬರಿಯನ್ನು ಆಗುವುದಿಲ್ಲ. ಮೊದಲನೆಯದು ನಾಲ್ಕು ಪುಟದ ಸರಕನ್ನು ದಪ್ಪ ಪುಸ್ತಕವಾಗುವಷ್ಟು ಎಳೆಯುತ್ತದೆ, ಊಟದ ಹೊತ್ತು ಮೀರಿದ ಮೇಲೆ ಹೋಟೆಲಿನ ಸಾಂಬಾರಿಗೆ ನೀರು ಬೀಳುವ ಹಾಗೆ. ಉಡುಪಿಯಿಂದ ಬಂದು ಠಾಣೆ ಎಂಬ ಊರಿನ ಹೋಟೆಲಲ್ಲಿ ಟೇಬಲ್ ಒರೆಸುತ್ತ ಶುರುಮಾಡಿ, ಈಗ ಕಾರ್ಖಾನೆಗಳ ಕ್ಯಾಂಟೀನ್ ನಡೆಸುವ ನಾನು ಚೌಕಾಸಿಯನ್ನು ಪುಸ್ತಕದಿಂದ ಕಲಿತವನಲ್ಲ. ಆದರೂ ಅಂಥವನ್ನು ಓದುತ್ತೇನೆ. ನಮಗೆ ಗೊತ್ತಿದ್ದದ್ದನ್ನೇ ಇನ್ನೊಬ್ಬರು ಅಚ್ಚು ಹಾಕಿಸಿದ್ದು ನೋಡಿದರೆ ಒಂದು ಸಮಾಧಾನ.

ಕಾದಂಬರಿ ನನ್ನ ಹೆಂಡತಿ ವಾರಿಜಳ ಇಲಾಖೆ. "ನಿಮ್ಗೆ ಮನುಷ್ಯರು ಅಂದ್ರೆ ಗಿರಾಕಿಗಳು ಮಾತ್ರ ಮಾರಾಯ್ರೆ, ಇದೊಂದು ಓದಿ" ಎಂದು ಒಂದು ದಿನ ತನ್ನದೊಂದನ್ನು ನನ್ನ ಚೀಲಕ್ಕೆ ತುರುಕಿದಳು. ನಾನು ರಬಾಳೆಗೆ ಹೊಸ ಕ್ಯಾಂಟೀನಿನ ಮಾತುಕತೆಗೆ ಹೊರಟಿದ್ದೆ. ಐರೋಲಿಯದು ಕೈತಪ್ಪಿ ನನ್ನ ಇಬ್ಬರು ಅಡುಗೆಯವರು ಸುಮ್ಮನೆ ಕೂತಿದ್ದರು, ಇದು ಸಿಗಲೇಬೇಕಿತ್ತು.

ಠಾಣೆಯಲ್ಲಿ ರೈಲು ಹತ್ತಿ ಕೂತದ್ದೇ, ಎದುರು ನಿಂತವನು "ಕಿಧರ್ ಉತರೇಗಾ?" ಎಂದ. ಇಲ್ಲಿ ಅದು ಕುಶಲಪ್ರಶ್ನೆಯಲ್ಲ, ಸೀಟಿನ ಬುಕಿಂಗ್. "ರಬಾಳೆ" ಎಂದೆ. ಅಲ್ಲಿಗೆ ವ್ಯವಹಾರ ಕುದುರಿತು: ರಬಾಳೆಯಲ್ಲಿ ನಾನಿಳಿದರೆ ಸೀಟು ಅವನದು. ಮನಃಶಾಸ್ತ್ರವನ್ನು ಇನ್ನೊಮ್ಮೆ ತಿರುವೋಣವೆಂದು ಚೀಲಕ್ಕೆ ಕೈಹಾಕಿದರೆ ಬಂದದ್ದು ಕಾದಂಬರಿ. ಅದರಲ್ಲಿ ಒಬ್ಬಳು ಹುಡುಗಿ, ನಿಶ್ಚಿತಾರ್ಥದ ಹಿಂದಿನ ದಿನ, ತಾಯಿಗೆ "ಒಲ್ಲೆ" ಎನ್ನಲು ಹೊರಟಿದ್ದಳು. ಮಾತು ತುಟಿಗೆ ಬರುವುದು, ಹಿಂದೆ ಹೋಗುವುದು. ವ್ಯಾಪಾರಿಯಾದ ನನಗೆ ಈ ವಿಳಂಬ ತಡೆಯಲಾಗಲಿಲ್ಲ.

ಯಾರೋ ಭುಜ ತಟ್ಟಿದರು. ನಿಂತಿದ್ದವನೇ. ಪುಸ್ತಕದ ಹೆಸರು ಓದಿಕೊಂಡಿದ್ದನೆಂದು ಕಾಣುತ್ತದೆ, ಈಗ ಕನ್ನಡದಲ್ಲೇ, "ಕಾಕಾ, ರಬಾಳೆ ಬಂತ್ರೀ."

"ಒಂದು ಪುಟ" ಎಂದೆ, ತಲೆಯೆತ್ತದೆ. ರೈಲು ಕಾಯುತ್ತದೆ ಎಂಬಂತೆ.

ರೈಲು ಹೊರಟಿತು. "ಏನ್ ಮಂದೀರಿ ನೀವು!" ಎಂದು ಅವನು ಸಿಡಿದ. "ನಿಮ್ಮ ಮಾತ ನಂಬಿ ಐರೋಲ್ಯಾಗ ಖಾಲಿ ಆದ ಕಿಡಕಿ ಸೀಟ್ ಬಿಟ್ಟೀನಿ. ತುರ್ಭೆದಾಗ ಸಂಜಿತನಾ ಮೂಟಿ ಹೊರೂದದ. ಜರಾ ಕುಂಡ್ರೂಣಂದ್ರ ನೀವು ಪುಟ ಎಣಸ್ಲತ್ತೀರಿ!"

ಕೊಟ್ಟ ಮಾತು ಮುರಿದದ್ದು ನನಗೇ ಚುಚ್ಚಿತು. ದಡಬಡಿಸಿ ಎದ್ದು ಸೀಟು ಬಿಟ್ಟುಕೊಟ್ಟು ಘಣಸೋಲಿಯಲ್ಲಿ ಇಳಿದೆ. ಇಷ್ಟಾಗಿ ಆ ಪುಟದಲ್ಲಿ ಹುಡುಗಿ ಬಾಯಿ ತೆರೆಯಲೇ ಇಲ್ಲ.

ತಿರುಗಿ ರಬಾಳೆ ಸೇರುವಷ್ಟರಲ್ಲಿ ಕಾರ್ಖಾನೆಯ ಮ್ಯಾನೇಜರ್ ಸಾಹೇಬರು ಬಹಳ ಹೊತ್ತು ಕಾದಿದ್ದರು. ಸಿಟ್ಟಾಗುವ ಬದಲು ನಕ್ಕರು. "ಅಣ್ಣಾ, ವೋ ಕಿತಾಬ್ ಮೈನೇ ಭೀ ಪಢೀ ಹೈ!" ನನ್ನ ಮನಃಶಾಸ್ತ್ರದ ಪುಸ್ತಕವನ್ನು ಅವರೂ ಓದಿದ್ದರು; ಎದುರಿನವನನ್ನು ಕಾಯಿಸಿದರೆ ಸಡಿಲಾಗುತ್ತಾನೆ ಎಂಬ ಅಧ್ಯಾಯ ಅವರಿಗೂ ಬಾಯಿಪಾಠ. ನಾನು ಮಹಾ ಚಾಲಾಕಿ ಎಂದು ತೀರ್ಮಾನಿಸಿ, ಪಟ್ಟು ಬಿಗಿಮಾಡಿ, ಸಂಜೆಯ ಚಹಾದ ದರದಲ್ಲೇ ಒಂದು ಸಮೋಸವೂ ಬೇಕೆಂದರು. ನಿಜ ಹೇಳಬಹುದಿತ್ತು. ಆದರೆ ಯಾರದೋ ನಿಶ್ಚಿತಾರ್ಥಕ್ಕಾಗಿ ಸ್ಟೇಷನ್ ತಪ್ಪಿಸಿಕೊಂಡವನಿಗೆ ಯಾರು ಕ್ಯಾಂಟೀನ್ ಕೊಡುತ್ತಾರೆ? ಚಾಲಾಕಿಯ ಮುಖ ಹಾಕಿಕೊಂಡು ಒಪ್ಪಿದೆ. ಅಡುಗೆಯವರಿಗೆ ಕೆಲಸವಾಯಿತು, ನನ್ನ ಲಾಭ ಸಮೋಸದೊಳಗೆ ಹೋಯಿತು.

"ಚೌಕಾಸಿ ಮಾಡ್ದೆ ಬಂದ್ರಾ?" ಎಂದು ವಾರಿಜ ಬೆರಗಾದಳು. "ಅದು ಮನಃಶಾಸ್ತ್ರ" ಎಂದೆ.

ಆದ್ದರಿಂದ ನನ್ನ ಸಲಹೆ: ಮನಃಶಾಸ್ತ್ರ ಓದಿ, ಆದರೆ ಎದುರಿನವನು ಓದಿಲ್ಲವೆಂದು ಖಚಿತ ಮಾಡಿಕೊಳ್ಳಿ. ಕಾದಂಬರಿಯನ್ನು ಮಾತ್ರ ಕೊನೆಯ ಸ್ಟೇಷನ್ನಿಗೆ ಹೋಗುವವರು ಓದಲಿ.

ಮೊನ್ನೆ ಅದೇ ಮೂಟೆ ಹೊರುವವನು ಮತ್ತೆ ನನ್ನೆದುರು ನಿಂತ. ಹಳೆಯ ಬಾಕಿ ತೀರಿಸೋಣವೆಂದು ನಾನೇ ಮೊದಲು "ರಬಾಳೆ" ಎಂದೆ. "ಅದಿರ್ಲಿ ಕಾಕಾ, ಇವತ್ತ ಯಾವ ಬುಕ್ ಹಿಡದೀರಿ?" ಎಂದು ಬಾಗಿ ಕಾದಂಬರಿಯ ಮುಖಪುಟ ನೋಡಿದ. ನೋಡಿದವನೇ ಸರಿದು, ತೂಕಡಿಸುತ್ತಿದ್ದ ಒಬ್ಬನ ಮುಂದೆ ಹೋಗಿ ನಿಂತ.